ಖೋ ಅಂದರೂ ಏಳದ ಟೀಚರ್

ಆರು ವರ್ಷದಿಂದ ನನ್ನ ಸ್ನಾಯುಗಳು ಮನಸ್ಸಿಗೆ ಬಂದಾಗ ಕೆಲಸಕ್ಕೆ ಚಕ್ಕರ್ ಹಾಕುತ್ತಿವೆ. ಅವು ಚಕ್ಕರ್ ಹಾಕಿದ ದಿನ ಏನಾದರೊಂದು ನಗೆಯ ಪ್ರಸಂಗ ತಪ್ಪದೆ ಹಾಜರಿ ಹಾಕುತ್ತದೆ. ಹಾಗಾಗಿ ನನ್ನ ಬಳಿ ಈಗ ಎರಡು ಫೈಲುಗಳಿವೆ. ಒಂದು ಆಸ್ಪತ್ರೆಯದು, ದಪ್ಪಗಿದೆ. ಇನ್ನೊಂದು ತಲೆಯಲ್ಲಿದೆ, ಅದು ಇನ್ನೂ ದಪ್ಪ.

ನಾನು ಬಬಲೇಶ್ವರದ ಒಂದು ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಣದ ಟೀಚರ್. ಮನೆ ವಿಜಯಪುರದ ಜಲನಗರದಲ್ಲಿ. ಮನೆಯಲ್ಲಿ ಗಂಡ, ಕಾಲೇಜಿಗೆ ಹೋಗುವ ಮಗಳು ಮತ್ತು ತಿಕೋಟಾದಲ್ಲಿ ಹುಟ್ಟಿ ಬೆಳೆದ ನನ್ನ ಅತ್ತೆ. ಕಾಯಿಲೆಯ ಹೆಸರು ಪಾಲಿಮಯೋಸೈಟಿಸ್. ಅದನ್ನು ತಪ್ಪಿಲ್ಲದೆ ಹೇಳಲು ನನಗೇ ಹದಿನೈದು ದಿನ ಹಿಡಿಯಿತು. ನಮ್ಮ ಹೆಡ್ ಮಾಸ್ತರು ನನ್ನ ರಜೆ ಅರ್ಜಿಯನ್ನು ಅರ್ಧ ಓದಿ, "ಈ ವಯಸ್ಸಿನಾಗ ಪಾಲಿಟೆಕ್ನಿಕ್ ಯಾಕ್ರಿ ಟೀಚರ್?" ಎಂದು ಕೇಳಿದ್ದರು.

ಹೊಸ ರೂಲ್ಸು

ಖೋಖೋ ಆಟದಲ್ಲಿ ಬೆನ್ನಟ್ಟುವ ತಂಡದವರು ಮೈದಾನದ ನಡುವೆ ಸಾಲಾಗಿ ಕುಕ್ಕರಗಾಲಿನಲ್ಲಿ ಕೂತಿರುತ್ತಾರೆ. ಹಿಂದಿನಿಂದ ಬಂದವಳು ಬೆನ್ನು ಮುಟ್ಟಿ 'ಖೋ' ಅಂದ ಕೂಡಲೇ ಎದ್ದು ಓಡಬೇಕು. ನಾನು ಕಾಲೇಜಿನಲ್ಲಿದ್ದಾಗ ರಾಜ್ಯ ಮಟ್ಟದಲ್ಲಿ ಈ ಆಟ ಆಡಿದವಳು. 'ಖೋ' ಪೂರ್ತಿ ಕಿವಿಗೆ ಬೀಳುವಷ್ಟರಲ್ಲಿ ಎರಡು ಹೆಜ್ಜೆ ಆಚೆ ಇರುತ್ತಿದ್ದೆ. ಇದನ್ನು ನಾನೇ ಹೇಳಿಕೊಳ್ಳಬಾರದು, ಆದರೆ ಈಚೆಗೆ ಬೇರೆ ಯಾರೂ ಹೇಳುತ್ತಿಲ್ಲ.

ಆರು ವರ್ಷದ ಹಿಂದೆ ಮೆಟ್ಟಿಲು ಹತ್ತುವಾಗ ತೊಡೆ ಭಾರ ಅನ್ನಿಸುತ್ತಿತ್ತು. ನೀರಿನ ಕೊಡ ಎತ್ತಲು ಆಗುತ್ತಿರಲಿಲ್ಲ. ವಯಸ್ಸು ನಲವತ್ತು ದಾಟಿತಲ್ಲ ಎಂದು ಸುಮ್ಮನಿದ್ದೆ. ಎಂಟನೇ ತರಗತಿಗೆ ಹೊಸದಾಗಿ ಬಂದ ಹುಡುಗಿಯರಿಗೆ ಆಟ ಕಲಿಸುವ ಮೊದಲ ದಿನ, "ಎಲ್ಲಾರೂ ನನ್ನ ನೋಡ್ರಿ. ಹೆಂಗ ಕುಂದ್ರತೀನಿ, ಹೆಂಗ ಏಳತೀನಿ, ಅಷ್ಟ ನೋಡ್ರಿ" ಎಂದು ಹೇಳಿ ಮೈದಾನದಲ್ಲಿ ಕೂತೆ. ಒಬ್ಬ ಹುಡುಗಿ ಹಿಂದಿನಿಂದ ಬಂದು ಅಂಜುತ್ತಾ ಬೆನ್ನು ಮುಟ್ಟಿ "ಖೋ" ಅಂದಳು.

ನಾನು ಏಳಲಿಲ್ಲ. ಕಾಲಿಗೆ ಹೇಳಿದೆ, ಅದು ಕೇಳಲಿಲ್ಲ. ಹುಡುಗಿ ಮತ್ತೊಮ್ಮೆ "ಖೋ ರಿ" ಅಂದಳು. ನೆಲಕ್ಕೆ ಕೈ ಊರಿ ನೋಡಿದೆ. ಕೈಯೂ ಕಾಲಿನ ಪಕ್ಷ ಸೇರಿತ್ತು. ಬೆನ್ನ ಮೇಲೆ ಬೆವರು ಇಳಿಯುತ್ತಿತ್ತು. ನನಗೇನೋ ಆಗಿದೆ, ಸಣ್ಣದಲ್ಲ ಎಂದು ಆ ಕ್ಷಣ ಗೊತ್ತಾಯಿತು. ಆದರೆ ಮೂವತ್ತು ಹುಡುಗಿಯರು ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ಮುಖ ಗಂಭೀರ ಮಾಡಿಕೊಂಡು, "ನೋಡಿದ್ರೇನ? ಈಗ ಹಂಗ ನೀವೂ ಮಾಡ್ರಿ" ಅಂದೆ. ಸ್ವಲ್ಪ ಹೊತ್ತು ಸಿಕ್ಕರೆ ಹೇಗಾದರೂ ಏಳಬಹುದು ಎಂಬ ಲೆಕ್ಕ.

ಎಂಟು ಹುಡುಗಿಯರು ಶಿಸ್ತಾಗಿ ಬಂದು ನನ್ನ ಪಕ್ಕ ಸಾಲಾಗಿ ಕೂತರು. ಒಂಬತ್ತನೆಯವಳು ಒಬ್ಬೊಬ್ಬರಿಗೂ ಖೋ ಕೊಡುತ್ತಾ ಹೋದಳು. ಒಬ್ಬಳೂ ಏಳಲಿಲ್ಲ. ಟೀಚರ್ ಎದ್ದಿಲ್ಲ ಅಂದಮೇಲೆ ಅವರು ಹೇಗೆ ಎದ್ದಾರು? ಬಿಸಿಲಲ್ಲಿ ಒಂಬತ್ತು ಜನ ಅಲುಗಾಡದೆ ಕೂತಿದ್ದೆವು. ಬಹಳ ಹೊತ್ತಿನ ಮೇಲೆ ಕೊನೆಯ ಹುಡುಗಿ ಕೈ ಎತ್ತಿ ಕೇಳಿದಳು: "ಟೀಚರ್, ಹಿಂಗ ಎಷ್ಟೊತ್ತು ಕುಂದ್ರೂದ್ರಿ? ಎದುರಿನ ಟೀಮಿನವ್ರು ಬ್ಯಾಸತ್ತು ಮನಿಗೆ ಹೋಗೂತನಕನ?"

ಗುರುತು ಸಿಗದ ಸೈನಿಕರು

ಮೊದಲು ಎಲ್ಲರೂ ಸುಸ್ತು ಅಂದರು. ಒಬ್ಬ ಡಾಕ್ಟರು ಶಕ್ತಿಯ ಗುಳಿಗೆ ಬರೆದರು. ಪಕ್ಕದ ಮನೆಯವರು ದೃಷ್ಟಿಯಾಗಿದೆ ಎಂದು ಮೆಣಸಿನಕಾಯಿ ಸುಟ್ಟರು. ಕೊನೆಗೆ ಬಾಚಣಿಗೆ ಹಿಡಿದ ಕೈ ತಲೆಯವರೆಗೂ ಹೋಗದೆ ಕಿವಿಯ ಹತ್ತಿರವೇ ನಿಂತು ಬಿಡತೊಡಗಿದಾಗ ನನ್ನ ಗಂಡ ಹೆದರಿ ದೊಡ್ಡ ಡಾಕ್ಟರ ಬಳಿ ಕರೆದುಕೊಂಡು ಹೋದರು. ನನ್ನ ಗಂಡ ಒಂದು ಕಚೇರಿಯಲ್ಲಿ ಗುಮಾಸ್ತ. ಯಾವುದಕ್ಕೂ ಬೇಗ ಹೆದರುವವರಲ್ಲ, ಆದ್ದರಿಂದ ಅವರು ಹೆದರಿದ್ದನ್ನು ಕಂಡು ನಾನು ಇನ್ನಷ್ಟು ಹೆದರಿದೆ.

ರಕ್ತ ತೆಗೆದರು. ಸ್ನಾಯುವಿಗೆ ಸೂಜಿ ಚುಚ್ಚಿ ಮಷೀನಿನಲ್ಲಿ ಗೆರೆ ನೋಡಿದರು. ತೊಡೆಯಿಂದ ಕಡಲೆಕಾಳಿನಷ್ಟು ಚೂರು ಕತ್ತರಿಸಿ ಪರೀಕ್ಷೆಗೆ ಕಳಿಸಿದರು. ಎಲ್ಲ ವರದಿ ಬಂದ ದಿನ ಅತ್ತೆಯೂ ಜೊತೆಗೆ ಬಂದಿದ್ದರು. ಡಾಕ್ಟರು ನಮಗೆ ತಿಳಿಯುವ ಹಾಗೆ ಹೇಳಿದರು.

"ನಮ್ಮ ಮೈಯಾಗ ರೋಗದ ಕೂಡ ಹೊಡೆದಾಡಾಕ ಸೈನಿಕರು ಇರ್ತಾರ. ಇವರ ಮೈಯಾಗಿನ ಸೈನಿಕರಿಗೆ ಗುರುತು ತಪ್ಪೈತಿ. ಇವರದ ಸ್ನಾಯುಗಳನ್ನ ವೈರಿ ಅಂತ ತಿಳಕೊಂಡು ಹೊಡ್ಯಾಕತ್ತಾರ. ಅವರನ್ನ ಸ್ವಲ್ಪ ತಣ್ಣಗ ಮಾಡಬೇಕು. ಅದಕ್ಕ ಸ್ಟಿರಾಯ್ಡ್ ಗುಳಿಗಿ ಕೊಡತೀನಿ."

ನಾನು ಕಣ್ಣು ಒರೆಸಿಕೊಳ್ಳುತ್ತಿದ್ದೆ. ಅತ್ತೆ ಸೆರಗು ಸರಿಮಾಡಿಕೊಂಡು ಮುಂದೆ ಬಾಗಿ ಕೂತರು.

"ಡಾಕ್ಟರ್ ಸಾಹೇಬ್ರ, ಈಕಿ ನಮ್ಮ ಮನಿಗೆ ಬಂದು ಇಪ್ಪತ್ತು ವರ್ಷ ಆತು. ಮೊದಮೊದಲು ನಾನೂ ಈಕಿನ್ನ ವೈರಿ ಅಂತನ ತಿಳಕೊಂಡಿದ್ದೆ. ಚಡ್ಡಿ ಹಾಕ್ಕೊಂಡು ಮೈದಾನದಾಗ ಓಡಿದಾಕಿ ಅಂತ ಕೇಳಿದ್ದೆ ನೋಡ್ರಿ. ದಿನಾ ಜಗಳ. ಆಮ್ಯಾಲ ನನಗ ಗುರುತು ಹತ್ತಿತು, ಈಕಿ ನಮ್ಮಾಕಿನ ಅಂತ. ನಿಮ್ಮ ಸೈನಿಕರಿಗೂ ಹತ್ತತೈತಿ, ತಡೀರಿ."

ಅತ್ತೆ ಇಷ್ಟು ವರ್ಷದಲ್ಲಿ ನನ್ನ ಬಗ್ಗೆ ಆಡಿದ ಅತಿ ದೊಡ್ಡ ಹೊಗಳಿಕೆ ಅದು. ನಾನು ಅಳುವುದನ್ನು ನಿಲ್ಲಿಸಿ, "ಎಷ್ಟು ದಿವಸ ಹಿಡೀತೈತ್ರಿ ಡಾಕ್ಟರ್?" ಎಂದು ಕೇಳಿದೆ.

ಡಾಕ್ಟರು ಚೀಟಿ ಬರೆಯುತ್ತಾ, ತಲೆ ಎತ್ತದೆ ಹೇಳಿದರು: "ನಿಮ್ಮ ಅತ್ತಿಯವರಿಗೆ ಎಷ್ಟು ಹಿಡೀತು?"

"ಎರಡು ವರ್ಷ ರಿ," ಅಂದರು ಅತ್ತೆ.

"ಹಂಗಾರ ಇದಕ್ಕೂ ಅಷ್ಟ ಅಂತ ತಿಳ್ಕೊಳ್ರಿ."

ತಿಕೋಟಾದಲ್ಲಿ ಹಬ್ಬಿದ ಸುದ್ದಿ

ಸ್ಟಿರಾಯ್ಡ್ ಗುಳಿಗೆ ನೋಡಲು ಸಾಸಿವೆಗಿಂತ ಸ್ವಲ್ಪ ದೊಡ್ಡದು. ದಿನಕ್ಕೆ ಹಲವು ಗುಳಿಗೆ, ಬೆಳಿಗ್ಗೆ ತಿಂಡಿ ಆದಮೇಲೆ. ಅದು ಕೆಲಸ ಮಾಡುತ್ತದೆ, ಸುಳ್ಳು ಹೇಳಬಾರದು. ಎರಡು ತಿಂಗಳಲ್ಲಿ ನನ್ನ ಕೈ ಕಿವಿ ದಾಟಿ ಮೇಲಕ್ಕೆ ಹೋಯಿತು. ಆದರೆ ಜೊತೆಗೆ ಹಸಿವನ್ನೂ ತರುತ್ತದೆ. ಅಂಥ ಹಸಿವನ್ನು ನಾನು ಆಟ ಆಡುವ ಕಾಲದಲ್ಲೂ ಕಂಡಿರಲಿಲ್ಲ. ಮುಖ ಹುಣ್ಣಿಮೆ ಚಂದ್ರನ ಹಾಗೆ ದುಂಡಗಾಯಿತು. ಹೊಟ್ಟೆ ಮುಂದೆ ಬಂತು. ಸಕ್ಕರೆ ಏರಬಾರದು ಎಂದು ಸಿಹಿ ಬಂದ್, ಉಪ್ಪು ಕಡಿಮೆ.

ಇಂಥ ಸ್ಥಿತಿಯಲ್ಲಿ ಅತ್ತೆಯ ತವರಿನ ಕಡೆಯ ಒಂದು ಮದುವೆಗೆ ತಿಕೋಟಾಕ್ಕೆ ಹೋದೆವು. ಪಂಕ್ತಿಯಲ್ಲಿ ನಾನು ಹೋಳಿಗೆ ಬೇಡ ಅಂದೆ. ಮಾದಲಿ ಬೇಡ ಅಂದೆ. ರೊಟ್ಟಿ ಬಂದಾಗ ಮಾತ್ರ ಒಮ್ಮೆಯೂ ಬೇಡ ಅನ್ನಲಿಲ್ಲ. ಎಣ್ಣೆಗಾಯಿ ಮೂರು ಸಲ, ಮೊಸರು ನಾಲ್ಕು ಸಲ. ಊಟ ಮುಗಿದ ಮೇಲೆ ಒಂದು ಕೈ ಸೊಂಟಕ್ಕೆ, ಒಂದು ಕೈ ಮೊಣಕಾಲಿಗೆ ಊರಿ, ಮಗಳ ಆಸರೆಯಿಂದ ಮೆಲ್ಲಗೆ ಎದ್ದೆ. ಎದುರಿನ ಸಾಲಿನಲ್ಲಿದ್ದ ವಯಸ್ಸಾದ ಹೆಂಗಸೊಬ್ಬರು ಇದನ್ನೆಲ್ಲ ಬಹಳ ಆಸಕ್ತಿಯಿಂದ ನೋಡುತ್ತಿದ್ದರು. ಕೈ ತೊಳೆಯುವ ಕಡೆ ನನ್ನ ಹತ್ತಿರ ಬಂದು ಪ್ರೀತಿಯಿಂದ ಕೆನ್ನೆ ಸವರಿದರು.

"ಎಷ್ಟು ತಿಂಗಳಾತು ಯವ್ವಾ?"

ಕಾಯಿಲೆಯ ವಿಷಯ ಇವರಿಗೂ ಅತ್ತೆ ಹೇಳಿದ್ದಾರೆ ಎಂದುಕೊಂಡೆ. "ನಾಕು ತಿಂಗಳಾತ್ರಿ" ಅಂದೆ.

"ಡಾಕ್ಟರ್ ಏನಂತಾರ?"

"ಎಲ್ಲಾ ಚಲೋ ಐತಿ ಅಂತಾರ್ರಿ. ಇನ್ನೂ ಎರಡು ವರ್ಷ ಆಗತೈತಂತ."

ಅವರ ಕೈ ನನ್ನ ಕೆನ್ನೆಯ ಮೇಲೇ ನಿಂತುಬಿಟ್ಟಿತು. ಸರಸರನೆ ಒಳಗೆ ಹೋದರು. ಅರ್ಧ ಗಂಟೆಯಲ್ಲಿ ನನ್ನನ್ನು ಒಳಗಿನ ಕೋಣೆಗೆ ಕರೆದು, ಕುರ್ಚಿಯಲ್ಲಿ ಕೂರಿಸಿ, ಉಡಿಯಲ್ಲಿ ತೆಂಗಿನಕಾಯಿ, ಕುಬಸದ ಖಣ, ಒಂದು ಸೇರು ಒಣದ್ರಾಕ್ಷಿ ಹಾಕಿದರು. ತಿಕೋಟಾದ ದ್ರಾಕ್ಷಿ ತೋಟದವರ ಮನೆ, ದ್ರಾಕ್ಷಿಗೇನು ಬರ. ಬಂದ ಬಂಧುಗಳಿಗೆಲ್ಲ ಹೀಗೆ ಮಾಡುವ ಪದ್ಧತಿ ಇರಬೇಕು ಎಂದು ನಾನು ನಗುನಗುತ್ತಾ ತುಂಬಿಸಿಕೊಂಡೆ. ಗಂಡಸರ ಕಡೆಯಿಂದ ನನ್ನ ಗಂಡ ಬಂದರು. ಮುಖದಲ್ಲಿ ರಕ್ತವಿರಲಿಲ್ಲ.

"ಹೊರಗ ಹತ್ತು ಮಂದಿ ನನ್ನ ಕೈ ಕುಲುಕಿದ್ರು. ನಾಕು ತಿಂಗಳಂತ. ನನಗ ಒಂದು ಮಾತ ಹೇಳಬಾರದೇನ?"

ಆಗ ಎಲ್ಲ ತಿಳಿಯಿತು. ಅತ್ತೆ ಆ ಹಿರಿಯ ಹೆಂಗಸನ್ನು ಕರೆದು ಕಾಯಿಲೆಯ ಕತೆಯನ್ನು ಮೊದಲಿಂದ ಹೇಳಿದರು. ಅವರು ಪೂರ್ತಿ ಕೇಳಿ, ಎದೆಯ ಮೇಲೆ ಕೈಯಿಟ್ಟು ಉಸಿರು ಬಿಟ್ಟರು.

"ಅದಕ್ಕ ಮತ್ತ. ಇನ್ನೂ ಎರಡು ವರ್ಷ ಅಂದ್ಲು. ಆನಿನೂ ಅಷ್ಟೊತ್ತಿಗೆ ಹಡದಿರತೈತಿ ಬೇ, ಈಕಿ ಏನ ಹಡಿತಾಳಪಾ ಅಂತ ನನಗ ಉಂಡ ಅನ್ನ ಇಳೀಲಿಲ್ಲ."

ಚಾದರದ ಗಂಟು

ಬಸ್ಸಿನ ಮೊದಲ ಮೆಟ್ಟಿಲು ನೆಲದಿಂದ ಎಷ್ಟು ಎತ್ತರ ಇದೆ ಎಂದು ಆರೋಗ್ಯವಾಗಿರುವವರಿಗೆ ಗೊತ್ತಿರುವುದಿಲ್ಲ. ನನಗೆ ಗೊತ್ತು. ಅದು ನನ್ನ ಮೊಣಕಾಲಿನ ಚಿಪ್ಪಿಗೆ ಸರಿಯಾಗಿ ಬರುತ್ತದೆ. ಎರಡೂ ಕೈಯಿಂದ ಕಂಬಿ ಹಿಡಿದು, ಎಡಗಾಲು ಮೇಲಿಟ್ಟು, ಹಿಂದಿನಿಂದ ಯಾರಾದರೂ ಸ್ವಲ್ಪ ನೂಕಿದರೆ ಬಲಗಾಲು ಬರುತ್ತದೆ. ಹೆಂಗಸರಿದ್ದರೆ ಅವರು ನೂಕುತ್ತಿದ್ದರು. ಬಬಲೇಶ್ವರಕ್ಕೆ ಹೋಗುವ ಬೆಳಗಿನ ಬಸ್ಸಿಗೆ ಒಮ್ಮೊಮ್ಮೆ ನಾನೊಬ್ಬಳೇ ಹೆಂಗಸು.

ಅಂಥ ಒಂದು ದಿನ ನನ್ನ ಹಿಂದೆ ನಿಂತವರು ಇಬ್ರಾಹಿಂಪುರದ ಒಬ್ಬ ಚಾಚಾ. ಚಾದರ ಮಾರುವವರು, ಬಿಳಿ ಗಡ್ಡ, ತಲೆಯ ಮೇಲೆ ದೊಡ್ಡ ಗಂಟು. ನಾನು ಒಂದು ಕಾಲು ಮೇಲೆ, ಒಂದು ಕಾಲು ಕೆಳಗೆ ಇಟ್ಟುಕೊಂಡು ಅಲ್ಲೇ ನಿಂತುಬಿಟ್ಟೆ. ಡ್ರೈವರ್ ಹಾರ್ನ್ ಒತ್ತುತ್ತಿದ್ದ. ಪರಹೆಂಗಸನ್ನು ಮುಟ್ಟಲು ಚಾಚಾಗೆ ಸಂಕೋಚ. ಕೊನೆಗೆ ತಲೆಯ ಮೇಲಿನ ಗಂಟನ್ನು ಕೆಳಗಿಳಿಸಿದರು.

"ಅಕ್ಕೋರ, ಮಾಫ್ ಮಾಡ್ರಿ. ಗಂಟಿನಿಂದ ನೂಕತೀನಿ" ಅಂದರು.

ಹತ್ತಿಯ ಚಾದರ, ಮೆತ್ತಗಿತ್ತು. ಒಂದೇ ನೂಕಿಗೆ ನಾನು ಕಂಡಕ್ಟರ್ ಸೀಟಿನ ಪಕ್ಕ ಬಂದು ನಿಂತಿದ್ದೆ. ಅಂದಿನಿಂದ ಅದೇ ರೂಢಿಯಾಯಿತು. ನಾನು ಕಂಬಿ ಹಿಡಿಯುವುದು, ಚಾಚಾ "ಬಿಸ್ಮಿಲ್ಲಾ" ಅನ್ನುವುದು, ನಾನು ಒಳಗೆ. ತಡವಾದರೆ ಇಬ್ಬರಲ್ಲಿ ಒಬ್ಬರಿಗಾಗಿ ಇನ್ನೊಬ್ಬರು ಬಸ್ಸನ್ನು ನಿಲ್ಲಿಸುತ್ತಿದ್ದೆವು.

ಒಂದು ದಿನ ಹೊಸ ಕಂಡಕ್ಟರ್ ಬಂದಿದ್ದ. ಚಾಚಾನ ಗಂಟನ್ನು ಮೇಲಿಂದ ಕೆಳಗೆ ನೋಡಿ, "ಇದಕ್ಕ ಲಗೇಜ್ ಟಿಕೀಟ ಆಗತೈತಿ" ಅಂದ. ಚಾಚಾ ಗಂಟನ್ನು ಎದೆಗೆ ಅವುಚಿಕೊಂಡರು.

"ಲಗೇಜ್ ಅಲ್ರಿ ಸಾಹೇಬ್ರ, ಇದು ಅಕ್ಕೋರನ್ನ ಹತ್ತಸೂ ಮಷೀನು."

ಕಂಡಕ್ಟರ್ ನನ್ನತ್ತ ನೋಡಿದ. ನಾನು ಹೌದೆಂದು ತಲೆಯಾಡಿಸಿದೆ. ಅವನು ಟಿಕೆಟ್ ಮಷೀನನ್ನು ಕೆಳಗಿಳಿಸಿ, "ಹಂಗಾರ ಇಳಸಾಕ ಯಾವ ಮಷೀನ್ ತಂದೀರಿ?" ಎಂದು ಕೇಳಿದ.

ಕನ್ನಡಿಯ ಸಲಹೆ

ಈ ಪ್ರಸಂಗದಲ್ಲಿ ನಗುವಂಥದ್ದು ಕೊನೆಯಲ್ಲಿ ಮಾತ್ರ ಇದೆ. ನನ್ನಂತೆ ಈ ಗುಳಿಗೆ ನುಂಗುವವರು ಯಾರಾದರೂ ಓದುತ್ತಿದ್ದರೆ ನಡುವಿನ ಭಾಗವನ್ನೂ ಓದಬೇಕು.

ಡಾಕ್ಟರು ಗುಳಿಗೆಯನ್ನು ಸ್ವಲ್ಪಸ್ವಲ್ಪವಾಗಿ ಇಳಿಸುತ್ತಿದ್ದರು. ತಿಂಗಳಿಗೊಮ್ಮೆ ರಕ್ತ ನೋಡುವುದು, ಒಂದು ಗುಳಿಗೆ ಕಡಿಮೆ ಮಾಡುವುದು. ನನಗೆ ಮೈ ಹಗುರಾಗಿತ್ತು. ಆದರೆ ಮುಖ ದುಂಡಗೇ ಇತ್ತು. ನನ್ನ ಜೊತೆ ಆಡಿದ ಗೆಳತಿಯರೆಲ್ಲ ಗೋಳಗುಮ್ಮಟದ ಹತ್ತಿರ ಒಂದು ದಿನ ಸೇರುವುದೆಂದು ಮಾತಾಯಿತು. ಎಲ್ಲರೂ ಇಪ್ಪತ್ತು ವರ್ಷದ ನಂತರ ನೋಡುತ್ತಾರೆ. ಕನ್ನಡಿಯ ಮುಂದೆ ನಿಂತು ನೋಡಿಕೊಂಡೆ. ಗುಮ್ಮಟ ನೋಡಲು ಅಷ್ಟು ದೂರ ಯಾಕೆ ಹೋಗಬೇಕು ಅನ್ನಿಸಿತು. ಶಕ್ತಿ ಬಂದಿದೆಯಲ್ಲ, ಇನ್ನು ಗುಳಿಗೆ ಯಾಕೆ ಎಂದು ಯಾರಿಗೂ ಹೇಳದೆ ಬಿಟ್ಟುಬಿಟ್ಟೆ. ದಿನಾ ಬೆಳಿಗ್ಗೆ ನುಂಗಿದ ಹಾಗೆ ಮಾಡಿ ಒಂದು ಡಬ್ಬಿಗೆ ಹಾಕುತ್ತಿದ್ದೆ.

ವಾರ ಕಳೆಯುವಷ್ಟರಲ್ಲಿ ವಾಂತಿ, ತಲೆಸುತ್ತು. ಎಂಟನೆಯ ದಿನ ದಿಂಬಿನಿಂದ ತಲೆ ಎತ್ತಲು ಆಗಲಿಲ್ಲ. ಬಚ್ಚಲಿಗೆ ಹೋಗಲು ಎದ್ದವಳು ಹೊಸ್ತಿಲ ಹತ್ತಿರ ಬಿದ್ದೆ. ನೆಲದ ಮೇಲೆ ಮಲಗಿದ್ದಾಗ ಅತ್ತೆ ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದು ನೆನಪಿದೆ. ಮಾತಾಡದ ಅತ್ತೆಯನ್ನು ಕಂಡದ್ದು ಅದೇ ಮೊದಲು. ಆಸ್ಪತ್ರೆಯಲ್ಲಿ ಸಲಾಯಿನ್ ಹಚ್ಚಿ ಸೂಜಿ ಕೊಟ್ಟ ಮೇಲೆ ಕಣ್ಣು ಬಿಟ್ಟೆ. ಡಾಕ್ಟರು ಮಂಚದ ಪಕ್ಕ ನಿಂತಿದ್ದರು.

"ಇಷ್ಟು ದಿವಸ ಸ್ಟಿರಾಯ್ಡ್ ಹೊರಗಿನಿಂದ ಕೊಟ್ಟೀವಲ್ಲ, ನಿಮ್ಮ ಮೈ ತಾನ ಅದನ್ನ ಮಾಡೂದನ್ನ ನಿಲ್ಲಿಸಿ ಮಲಗಿಬಿಟ್ಟಿರತೈತಿ. ಅದನ್ನ ಮೆಲ್ಲಕ ಎಬ್ಬಸಬೇಕು. ಒಮ್ಮೆಲೆ ಬಿಟ್ರ ಜೀವಕ್ಕ ಬರತೈತಿ. ಯಾರ ಮಾತ ಕೇಳಿ ಬಿಟ್ರಿ ನೀವು?"

ಸುಳ್ಳು ಹೇಳಲು ಶಕ್ತಿ ಇರಲಿಲ್ಲ. "ಕನ್ನಡೀದ್ರಿ" ಅಂದೆ.

ಡಾಕ್ಟರು ಸಿಟ್ಟಿನಲ್ಲೇ ಕೇಳಿದರು: "ಕನ್ನಡಿ ಎಲ್ಲಿ ಡಾಕ್ಟರಿಕಿ ಓದೈತ್ರಿ?"

ಮನೆಗೆ ಬಂದಾಗ ಕೋಣೆಯ ಗೋಡೆಯ ಮೇಲೆ ಕನ್ನಡಿ ಇರಲಿಲ್ಲ, ಮೊಳೆ ಮಾತ್ರ ಇತ್ತು. ಕೈ ಮತ್ತೆ ಸೋತಿದ್ದರಿಂದ ಅತ್ತೆಯೇ ದಿನಾ ನನ್ನ ತಲೆ ಬಾಚಿ ಜಡೆ ಹಾಕುತ್ತಿದ್ದರು. ಗುಳಿಗೆ ಅವರ ಕೈಯಿಂದಲೇ, ನುಂಗಿದ ಮೇಲೆ ಬಾಯಿ ತೆರೆದು ತೋರಿಸಬೇಕು. "ಅತ್ತಿ, ಕನ್ನಡಿ ಕೊಡ್ರಿ" ಅಂದರೆ, "ಜಡಿ ಹಾಕಾಕಿ ನಾನು, ನೋಡಾಕಿ ನಾನು. ಭಾಳ ಚಂದ ಕಾಣಾಕತ್ತಿ, ಸುಮ್ಮನ ಕುಂದ್ರು" ಅನ್ನುತ್ತಿದ್ದರು. ಆ ಮುಖ ಹೊತ್ತುಕೊಂಡೇ ಗೆಳತಿಯರ ಕೂಟಕ್ಕೆ ಹೋದೆ. ಅವರಲ್ಲಿ ಅರ್ಧದಷ್ಟು ಜನ ಯಾವ ಗುಳಿಗೆಯೂ ಇಲ್ಲದೆ ನನ್ನಷ್ಟೇ ದುಂಡಗಾಗಿದ್ದರು.

ಮುಂದಿನ ತಿಂಗಳು ತಪಾಸಣೆಗೆ ಹೋದಾಗ ಅತ್ತೆಯ ಕೈಯಲ್ಲಿ ಹಳೆಯ ಸೀರೆಯಲ್ಲಿ ಸುತ್ತಿದ ಒಂದು ಗಂಟಿತ್ತು. ನಮ್ಮ ಸರದಿ ಬಂದಾಗ ಅದನ್ನು ಡಾಕ್ಟರ ಮೇಜಿನ ಮೇಲಿಟ್ಟು ಬಿಚ್ಚಿದರು. ಒಳಗೆ ನಮ್ಮ ಕನ್ನಡಿ.

"ಇವರ ನೋಡ್ರಿ ಸಾಹೇಬ್ರ ಆ ಡಾಕ್ಟರ್. ನೀವ ಸ್ವಲ್ಪ ಬುದ್ಧಿ ಹೇಳಿ ಕಳಸ್ರಿ."

ಮೆಟ್ಟಿಲಿಲ್ಲದ ಬೂತು

ಚುನಾವಣೆ ಬಂದರೆ ಮಾಸ್ತರರಿಗೆ ಡ್ಯೂಟಿ ಬರುತ್ತದೆ. ನನಗೂ ಬಂತು. ಕಾಯಿಲೆ ಇದ್ದವರು ಕಾಗದ ಪತ್ರ ತಂದು ತೋರಿಸಿ ಎಂದು ಹೇಳಿದ್ದರು. ಹೋದೆ. ಮೇಜಿನ ಹಿಂದೆ ಕೂತಿದ್ದ ಅಧಿಕಾರಿ ನನ್ನ ಗುಂಡು ಮುಖ, ತುಂಬಿದ ಕೆನ್ನೆ ನೋಡಿ ಫೈಲು ತೆರೆಯಲೇ ಇಲ್ಲ.

"ನನಗಿಂತ ಗಟ್ಟಿ ಅದೀರಿ ಮೇಡಂ. ಮುಖದ ಮ್ಯಾಲ ಕಳೆ ಐತಿ. ಇದೆಂಥಾ ರೋಗ? ಬೆಳಿಗ್ಗಿಂದ ಎಲ್ಲಾರೂ ಇದ ಹೇಳಾಕತ್ತಾರ."

ಸಾಲಿನಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿದರು. ಬಾಯಿಂದ ವಿವರಿಸುವುದಕ್ಕಿಂತ ತೋರಿಸುವುದೇ ಸುಲಭ ಅನ್ನಿಸಿತು. ನಾನು ದೈಹಿಕ ಶಿಕ್ಷಕಿ, ಮಾಡಿ ತೋರಿಸುವುದೇ ನನ್ನ ಕೆಲಸ. ಮೇಜಿನ ಮುಂದೆ, ನೆಲದ ಮೇಲೆ, ನೆಟ್ಟಗೆ ಕೂತುಬಿಟ್ಟೆ.

ಅಧಿಕಾರಿ ಮೇಜಿನ ಮೇಲಿಂದ ಬಗ್ಗಿ ನೋಡಿದರು. "ಇದೇನ್ರಿ, ಧರಣಿ ಕುಂತ್ರೇನು?"

"ಧರಣಿ ಅಲ್ರಿ ಸರ್. ನನ್ನ ರೋಗ ತೋರಿಸಾಕತ್ತೇನಿ."

"ಆತು, ಏಳ್ರಿ. ನಾ ನಂಬತೀನಿ."

"ನೀವು ನಂಬಿದ್ರೂ ನನಗ ಏಳಾಕ ಬರಂಗಿಲ್ರಿ ಸರ್. ಹಿಡದು ಎತ್ತಬೇಕು."

ಸಾಲಿನಲ್ಲಿದ್ದ ಇಬ್ಬರು ಟೀಚರುಗಳು, ಒಬ್ಬ ಗುಮಾಸ್ತ ಸೇರಿ ನನ್ನನ್ನು ಎತ್ತಿದರು. ಕುರ್ಚಿ ತರಿಸಿದ್ದು ಆ ಅಧಿಕಾರಿಯೇ. ಅವರ ಮುಖ ಸಪ್ಪಗಾಗಿತ್ತು. ಪೆನ್ನು ತೆಗೆದು, "ನಿಮ್ಮ ಹೆಸರು ತೆಗೆದು ಹಾಕತೀನ್ರಿ ಮೇಡಂ" ಅಂದರು.

"ಬ್ಯಾಡ್ರಿ. ಹೆಸರು ತೆಗೀರಿ ಅಂತ ಬಂದಿಲ್ಲ. ಹದಿನೆಂಟು ವರ್ಷದಿಂದ ಒಂದು ಚುನಾವಣಿನೂ ತಪ್ಪಿಸಿಲ್ಲ. ಮೆಟ್ಟಿಲು ಇಲ್ಲದ ಬೂತ್ ಒಂದು ಕೊಡ್ರಿ ಅಂತ ಕೇಳಾಕ ಬಂದೀನಿ."

ಅವರು ಪಟ್ಟಿ ತಿರುವಿದರು, ಫೋನು ಮಾಡಿದರು, ಇನ್ನೊಂದು ಪಟ್ಟಿ ತಿರುವಿದರು. ಕೊನೆಗೆ ಸಿಕ್ಕಿತು. ನೆಲ ಸಮತಟ್ಟು, ಬಾಗಿಲು ಅಗಲ, ಇಳಿಜಾರಿನ ದಾರಿ. ಮತದಾನದ ದಿನ ಹೋಗಿ ನೋಡಿದರೆ ದನದ ದವಾಖಾನೆ. ದಿನವಿಡೀ ಕೂತು ಕೆಲಸ ಮಾಡಿದೆ, ಒಂದು ತಪ್ಪೂ ಆಗಲಿಲ್ಲ. ಸಂಜೆ ಕರೆದುಕೊಂಡು ಹೋಗಲು ಬಂದ ನನ್ನ ಗಂಡ ಬೋರ್ಡನ್ನು ಎರಡು ಸಲ ಓದಿದರು.

"ಇಷ್ಟು ದವಾಖಾನಿ ತಿರುಗಿದ್ವಿ. ಒಂದು ಮೆಟ್ಟಿಲೂ ಇಲ್ಲದ್ದು ಇದ ನೋಡು. ಮೊದಲ ಇಲ್ಲಿಗ ಬರಬೇಕಾಗಿತ್ತು."

ಗುಳಿಗೆಯ ಹೆಸರು

ಈಗ ನಾನು ಮೈದಾನದಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು ಖೋಖೋ ಕಲಿಸುತ್ತೇನೆ. ಕುರ್ಚಿಯ ಕೆಳಗೆ ಎರಡು ಇಟ್ಟಿಗೆ, ಎತ್ತರವಿದ್ದರೆ ಏಳಲು ಸುಲಭ. ಮಾಡಿ ತೋರಿಸಲು ಆಗುವುದಿಲ್ಲವಲ್ಲ, ಹಾಗಾಗಿ ಮಾತಿನಲ್ಲೇ ಹೇಳಬೇಕು. ಏಳುವಾಗ ಮೊದಲು ಯಾವ ಬೆರಳಿನ ಮೇಲೆ ಭಾರ ಬೀಳುತ್ತದೆ, ಯಾವ ಕ್ಷಣ ಹಿಮ್ಮಡಿ ನೆಲ ಬಿಡುತ್ತದೆ, ಭುಜ ಎಷ್ಟು ಬಾಗಬೇಕು ಎಂದು ಒಂದೊಂದನ್ನೂ ಬಿಡಿಸಿ ಹೇಳುತ್ತೇನೆ. ಗಟ್ಟಿ ಇದ್ದಾಗ ಇದು ಯಾವುದೂ ನನಗೆ ಗೊತ್ತಿರಲಿಲ್ಲ, ಸುಮ್ಮನೆ ಎದ್ದು ಓಡುತ್ತಿದ್ದೆ. ಏಳಲು ಆಗದೆ ಹೋದಮೇಲೆ ಏಳುವುದು ಎಂದರೆ ಏನು ಎಂದು ಅಂಗುಲ ಅಂಗುಲವಾಗಿ ಕಲಿತೆ. ನನ್ನ ಹುಡುಗಿಯರು ಏಳುವ ಹಾಗೆ ಈ ಜಿಲ್ಲೆಯಲ್ಲಿ ಬೇರೆ ಯಾವ ಹುಡುಗಿಯರೂ ಏಳುವುದಿಲ್ಲ. ಇದನ್ನು ಮಾತ್ರ ನಾನು ಸಂಕೋಚವಿಲ್ಲದೆ ಹೇಳುತ್ತೇನೆ.

ಕಳೆದ ವರ್ಷ ವಿಜಯಪುರದಲ್ಲಿ ನಡೆದ ಪಂದ್ಯಾವಳಿಯಲ್ಲಿ ನಮ್ಮ ಹುಡುಗಿಯರು ಫೈನಲ್ ತಲುಪಿದರು. ಊಟದ ಹೊತ್ತಿನಲ್ಲಿ ಇನ್ನೊಂದು ಶಾಲೆಯ ಟೀಚರ್ ಒಬ್ಬರು ನನ್ನ ಆರೋಗ್ಯ ವಿಚಾರಿಸಿದರು. "ಇನ್ನೂ ಸ್ಟಿರಾಯ್ಡ್ ನಡದೈತ್ರಿ, ಆದ್ರ ಕಡಿಮಿ ಆಗೈತಿ" ಅಂದೆ. ಫೈನಲ್‌ನಲ್ಲಿ ನಮ್ಮ ಎದುರು ಆಡಬೇಕಿದ್ದ ತಂಡದ ಕೋಚ್ ಹಿಂದೆಯೇ ಕೂತಿದ್ದರು. ಅಗಲ ಎದೆಯ, ದಪ್ಪ ತೋಳಿನ ಮನುಷ್ಯ. ಅವರ ಕೈಯಲ್ಲಿನ ತುತ್ತು ಅಲ್ಲೇ ನಿಂತದ್ದನ್ನು ನಾನು ನೋಡಿದೆ, ಯಾಕೆಂದು ತಿಳಿಯಲಿಲ್ಲ.

ಪಂದ್ಯ ಶುರುವಾಗಲು ಅರ್ಧ ಗಂಟೆ ಇರುವಾಗ ಶಾಮಿಯಾನದ ಕೆಳಗಿಂದ ನನಗೆ ಕರೆ ಬಂತು. ಮೂವರು ತೀರ್ಪುಗಾರರು ಸಾಲಾಗಿ ಕೂತಿದ್ದರು. ಪಕ್ಕದಲ್ಲಿ ಆ ಕೋಚ್.

"ಮೇಡಂ, ತಕರಾರು ಬಂದೈತಿ," ಅಂದರು ಹಿರಿಯ ತೀರ್ಪುಗಾರರು. "ನಿಮ್ಮ ಟೀಮಿನಾಗ ಸ್ಟಿರಾಯ್ಡ್ ತಗೋತಾರಂತ. ಆಟಗಾರರಿಗೆ ಅದು ಬಂದ್ ಐತಿ."

"ಹೌದ್ರಿ, ತಗೋತಾರ" ಅಂದೆ.

ಮೂವರೂ ಪೆನ್ನು ಕೆಳಗಿಟ್ಟರು. ಕೋಚ್ ಎದೆ ಇನ್ನಷ್ಟು ಅಗಲ ಮಾಡಿಕೊಂಡರು.

"ಯಾರು?"

"ನಾನ ರಿ."

ಚೀಲವನ್ನು ಅವರ ಮೇಜಿನ ಮೇಲೆ ಸುರಿದೆ. ಸ್ಟಿರಾಯ್ಡ್ ಗುಳಿಗೆಯ ಪಟ್ಟಿ, ಎಲುಬಿಗೆ ಸುಣ್ಣದ ಗುಳಿಗೆ, ಹೊಟ್ಟೆ ಉರಿಗೆ ಒಂದು, ವಾರಕ್ಕೊಮ್ಮೆ ನುಂಗುವುದು ಇನ್ನೊಂದು, ಸಕ್ಕರೆ ನೋಡುವ ಮಷೀನು, ಎರಡು ಖಡಕ್ ರೊಟ್ಟಿ, ಶೇಂಗಾ ಹಿಂಡಿಯ ಡಬ್ಬಿ. ಹಿರಿಯರು ಪಟ್ಟಿಯನ್ನು ಕಣ್ಣಿನ ಹತ್ತಿರ ಹಿಡಿದು ಓದಿದರು. ಓದಿ ಕೋಚ್ ಕಡೆ ತಿರುಗಿದರು.

"ಇದನ್ನ ದಮ್ಮಿಗೆ ಅಂತ ನನಗೂ ಕೊಟ್ಟಿದ್ರು ಮಾಸ್ತರ. ಎರಡು ತಿಂಗಳು ತಗೊಂಡೆ. ಇದರಿಂದ ಓಡಾಕ ಬರತಿದ್ರ ನಾ ಇಲ್ಲಿ ಸೀಟಿ ಹಿಡಕೊಂಡು ಯಾಕ ಕುಂದರತಿದ್ದೆ?"

ನನ್ನ ತಂಡದ ನಾಯಕಿ ಶಾಮಿಯಾನದ ಕಂಬದ ಹತ್ತಿರ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಕಣ್ಣು ಕೆಂಪಾಗಿತ್ತು. "ಟೀಚರ್, ನಮ್ಮ ಮ್ಯಾಲ ಹಿಂಗಂತಾರಲ್ರಿ" ಅಂದಳು. ನಾನು ಅವಳ ಹೆಗಲು ಹಿಡಿದು ಮೆಲ್ಲಗೆ ನಡೆಯುತ್ತಾ, "ಬಾಯಿಲೆ ಉತ್ತರಾ ಕೊಡಬ್ಯಾಡ. ಹಿಮ್ಮಡದಿಂದ ಕೊಡು" ಅಂದೆ.

ಅವಳು ಕೊಟ್ಟಳು. ಎಲ್ಲರೂ ಕೊಟ್ಟರು. ಎದುರಿನ ತಂಡ ಒಳ್ಳೆಯ ತಂಡವೇ. ಎರಡನೆಯ ಸರದಿಯವರೆಗೂ ಸಮಬಲ ಇತ್ತು. ಆಮೇಲೆ ನಮ್ಮ ಹುಡುಗಿಯರು ಖೋ ಕೇಳಿ ಏಳುತ್ತಿದ್ದ ರೀತಿಯನ್ನು ನೋಡಿ ಸುತ್ತ ನಿಂತ ಜನ ಮಾತು ನಿಲ್ಲಿಸಿದರು. ಕೂತದ್ದು ಕಾಣುತ್ತಿತ್ತು, ಓಡುತ್ತಿದ್ದದ್ದು ಕಾಣುತ್ತಿತ್ತು, ನಡುವೆ ಎದ್ದದ್ದು ಯಾವಾಗ ಎಂದು ಯಾರಿಗೂ ಕಾಣುತ್ತಿರಲಿಲ್ಲ. ನನಗೊಬ್ಬಳಿಗೆ ಕಾಣುತ್ತಿತ್ತು. ಆರು ಅಂಕಗಳಿಂದ ಗೆದ್ದರು. ಕಪ್ ತೆಗೆದುಕೊಳ್ಳಲು ನನ್ನನ್ನು ಕರೆದಾಗ ನಾನು ಕುರ್ಚಿಯ ಕೈ ಹಿಡಿದು ಒಬ್ಬಳೇ ಎದ್ದೆ. ಹೊತ್ತು ಹಿಡಿಯಿತು. ಮೈದಾನವೆಲ್ಲ ಕಾಯಿತು.

ಎಲ್ಲ ಮುಗಿದು ಹುಡುಗಿಯರು ಚೀಲ ಕಟ್ಟುತ್ತಿದ್ದಾಗ ಆ ಕೋಚ್ ನನ್ನ ಹತ್ತಿರ ಬಂದರು. ಆಚೆ ಈಚೆ ನೋಡಿದರು. ತಪ್ಪಾಯಿತು ಅನ್ನಲು ಬಂದಿದ್ದಾರೆ ಎಂದು ನಾನು ಮನಸ್ಸಿನಲ್ಲೇ ಕ್ಷಮಿಸಿಬಿಟ್ಟಿದ್ದೆ. ಅವರು ಬಗ್ಗಿ, ಮೆಲ್ಲಗೆ ಕೇಳಿದರು.

"ಮೇಡಂ, ಆದದ್ದು ಆತು. ನೀವು ನಿಮ್ಮ ಹುಡುಗ್ಯಾರಿಗೆ ಏನ ಕೊಡತೀರಿ, ಅದರ ಹೆಸರೊಂದು ಬರದು ಕೊಡ್ರಿ. ಯಾರಿಗೂ ಹೇಳಂಗಿಲ್ಲ."

ನಾನು ಚೀಲದಿಂದ ಚೀಟಿ ತೆಗೆದು, ನಮ್ಮ ಡಾಕ್ಟರು ಬರೆಯುವ ಹಾಗೆಯೇ ಬರೆದುಕೊಟ್ಟೆ: 'ಬೆಳಿಗ್ಗೆ ಒಂದೂವರೆ ತಾಸು, ಸಂಜೆ ಒಂದು ತಾಸು. ಮೂರು ವರ್ಷ. ನಡುವೆ ಬಿಡಬಾರದು.'

ಅವರು ಚೀಟಿಯನ್ನು ಎರಡು ಸಲ ಓದಿದರು. ಜೋಪಾನವಾಗಿ ಮಡಚಿ ಅಂಗಿಯ ಒಳಜೇಬಿನಲ್ಲಿಟ್ಟರು. ನಾಲ್ಕು ಹೆಜ್ಜೆ ಹೋಗಿ ಮತ್ತೆ ತಿರುಗಿ ಬಂದರು.

"ಮೇಡಂ, ಇದು ಊಟಕ್ಕಿಂತ ಮೊದಲೋ, ಊಟ ಆದಮ್ಯಾಲೋ?"